ರೇವಕ್ಕನ ‘ಕಾರಣ ತಿಳಿದಿಲ್ಲ’

ನಮ್ಮ ರೇವಕ್ಕ ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಕಣ್ಣು ಮುಚ್ಚುತ್ತಾಳೆ. ನಿದ್ದೆಯಲ್ಲ, ಸಾಕಾಗಿರುತ್ತದೆ ಅಷ್ಟೆ. ಹರಿಹರದಿಂದ ದಾವಣಗೆರೆಗೆ ನಾವಿಬ್ಬರೂ ಒಂದೇ ಬಸ್ಸಿಗೆ ಹೋಗಿಬರುವವರು, ಒಂದೇ ಮಕ್ಕಳ ಆಸ್ಪತ್ರೆಯಲ್ಲಿ ದುಡಿಯುವವರು. ನಾನು ಔಷಧಿ ಕೌಂಟರಿನಲ್ಲಿ, ಅವಳು ಲಿಫ್ಟಿನ ಹಿಂದಿರುವ ಕಿಟಕಿಯಿಲ್ಲದ ಕೋಣೆಯಲ್ಲಿ. ಅವಳ ಕೆಲಸ ಏನೆಂದು ಗಂಡ ರಾಜಕುಮಾರನಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಕೇಳಿದವರಿಗೆಲ್ಲ “ಕಂಪ್ಯೂಟರ್ ಕೆಲ್ಸ” ಎಂದು ಹೇಳಿ ಕೈತೊಳೆದುಕೊಳ್ಳುತ್ತಾನೆ.

ಕೆಲಸ ಇಷ್ಟೆ. ಡಾಕ್ಟರು ಬರೆದ ಕೇಸ್ ಶೀಟನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು, ಒಂದೊಂದು ಕಾಯಿಲೆಗೂ ಅದರದೇ ಕೋಡು ಹಾಕಬೇಕು: ಒಂದು ಇಂಗ್ಲಿಷ್ ಅಕ್ಷರ, ಅದರ ಮುಂದೆ ಅಂಕಿ. ವಿಮೆಯವರು ಮಗುವಿನ ಮುಖ ನೋಡುವುದಿಲ್ಲ, ಕೋಡು ನೋಡುತ್ತಾರೆ. ಡಾಕ್ಟರ ಅಕ್ಷರವೋ ದೇವರಿಗೇ ಪ್ರೀತಿ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ಮಗು ವಾಂತಿ ಮಾಡಿಕೊಂಡಾಗ ಇವಳು ಕಣ್ಣು ತೆರೆಯದೆಯೇ “ಎ ಸೊನ್ನೆ ಒಂಬತ್ತು” ಅಂದಳು, ವಾಂತಿಭೇದಿಯ ಕೋಡು. ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ದಿನವಿಡೀ ಊರ ಮಕ್ಕಳ ನೋವನ್ನೇ ಓದುವವಳಿಗೆ ನಗು ಎಲ್ಲಿಂದ ಬರಬೇಕು ಎಂದುಕೊಂಡೆ.

ಆ ಕೆಲಸಕ್ಕೊಂದು ನಿಯಮವಿದೆ. ಡಾಕ್ಟರು ಬರೆಯದೆ ಇದ್ದದ್ದಕ್ಕೆ ಕೋಡು ಹಾಕುವಂತಿಲ್ಲ. ಅನುಮಾನ ಬಂದರೆ ಡಾಕ್ಟರಿಗೆ ಪ್ರಶ್ನೆ ಕಳಿಸಬೇಕು. ಕಳಿಸುವ ಮನಸ್ಸಿಲ್ಲದಿದ್ದರೆ ‘ಕಾರಣ ತಿಳಿದಿಲ್ಲ’ ಎನ್ನುವುದಕ್ಕೂ ಒಂದು ಕೋಡಿದೆ. ಅದನ್ನು ಹಾಕಿದರೆ ಯಾರೂ ಏನೂ ಕೇಳುವುದಿಲ್ಲ.

ರೇವಕ್ಕನ ತವರು ಕಡರನಾಯಕನಹಳ್ಳಿ. ಅವಳ ತಾಯಿ ದುರುಗವ್ವ ಅಲ್ಲಿ ಕೂಸುಗಳಿಗೆ ಚುಟಿಗೆ ಹಾಕುವವಳು. ಕೂಸು ರಚ್ಚೆ ಹಿಡಿದು ಅತ್ತರೆ, ಹೊಟ್ಟೆ ಉಬ್ಬಿದರೆ, ಅರಿಶಿನ ಕೊಂಬಿನ ತುದಿಯನ್ನು ಕೆಂಡದಲ್ಲಿ ಕಾಯಿಸಿ ಮೈಗೆ ಮುಟ್ಟಿಸುತ್ತಾಳೆ. ದುಡ್ಡು ಮುಟ್ಟುವವಳಲ್ಲ. ಎಲೆ ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ಕೈಮುಗಿದರೆ ಆಯಿತು. ಚುಟಿಗೆ ಹಾಕುವವರಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ. ದುರುಗವ್ವನದು ಹೊಕ್ಕುಳ ಸುತ್ತ ನಾಲ್ಕು, ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು.

ಆಗೀಗ ಅಂಥ ಫೈಲು ರೇವಕ್ಕನ ಮೇಜಿಗೆ ಬರುತ್ತಿತ್ತು. ನ್ಯುಮೋನಿಯಾ ಎಂದೋ ಕಾಮಾಲೆ ಎಂದೋ ಸೇರಿದ ಕೂಸು. ಕೆಳಗೆ ಒಂದು ಸಾಲು: ಹೊಟ್ಟೆಯ ಮೇಲೆ ನಾಲ್ಕು ಸುಟ್ಟ ಗುರುತು, ಎಡಗಾಲಿನಲ್ಲಿ ಒಂದು. ಓದಿದ ಕೂಡಲೇ ಇವಳಿಗೆ ಅವ್ವನ ಕೈ ಕಾಣುತ್ತಿತ್ತು. ಡಾಕ್ಟರಿಂದ ಕಾರಣ ಬರೆಸಿದರೆ ಪೊಲೀಸರು ಬರುತ್ತಾರೆ, ಅವ್ವನಿಗೆ ಹೇಳೋಣವೆಂದರೆ ಅವಳು ಯಾರ ಮಾತನ್ನೂ ಕೇಳುವ ಹೆಂಗಸಲ್ಲ. ಹಾಗಂತ ತನಗೆ ತಾನೇ ಹೇಳಿಕೊಂಡು ‘ಕಾರಣ ತಿಳಿದಿಲ್ಲ’ದ ಕೋಡು ಒತ್ತಿ ಮುಂದಿನ ಫೈಲು ಎಳೆದುಕೊಳ್ಳುತ್ತಿದ್ದಳು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಮೊನ್ನೆ, ಎಲ್ಲ ಹೊರಬಿದ್ದ ಮೇಲೆ. ಕೇಳಿ ನನಗೆ ಮೈ ಉರಿದುಹೋಯಿತು, ಆದರೆ ಆ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ.

ಆದದ್ದು ಇಷ್ಟು. ಕೊಕ್ಕನೂರಿನ ರೂಪಶ್ರೀ ಎಂಬ ಬಾಣಂತಿಯ ಕೂಸು ಐಸಿಯುನಲ್ಲಿತ್ತು. ಸುಟ್ಟ ಗಾಯ ಕೀವಾಗಿ, ನಂಜು ರಕ್ತಕ್ಕೆ ಏರಿತ್ತು. ಕೂಸಿಗಿನ್ನೂ ಹೆಸರಿಟ್ಟಿರಲಿಲ್ಲ, ಫೈಲಿನ ಮೇಲೆ ‘ರೂಪಶ್ರೀಯ ಮಗು’ ಎಂದಷ್ಟೇ ಇತ್ತು. ಮಕ್ಕಳು ವಾರ್ಡಿನಲ್ಲಿ ಇರುವಾಗಲೇ ವಿಮೆಗೆ ಕೋಡು ಕಳಿಸಬೇಕಾದ್ದರಿಂದ ಫೈಲು ರೇವಕ್ಕನ ಹತ್ತಿರ ಬಂದಿತ್ತು. ಅದೇ ನಾಲ್ಕು, ಅದೇ ಒಂದು. ಅವಳ ಬೆರಳು ಎಂದಿನಂತೆ ಅದೇ ಕೋಡಿನ ಕಡೆ ಹೊರಟಿತ್ತು.

ಆಗ ಆಧಾರ್ ಜೆರಾಕ್ಸ್ ಕೊಡಲು ರೂಪಶ್ರೀಯೇ ಬಂದಳು. ಕಿವಿಗೆ ಸ್ಕಾರ್ಫ್ ಕಟ್ಟಿದ್ದಳು, ಹಾಲು ಕಟ್ಟಿ ರವಿಕೆ ಒದ್ದೆಯಾಗಿತ್ತು. ನಿಲ್ಲಲಾಗದೆ ಬಾಗಿಲು ಹಿಡಿದುಕೊಂಡಿದ್ದಳು.

“ಕೂಡ್ರಿ” ಎಂದಳು ರೇವಕ್ಕ.

“ಮೇಡಂ, ನಮ್ಮತ್ತೇನ ಯಾರೂ ಬೈಬ್ಯಾಡ್ರಿ. ಕೂಸು ಬರೇ ಅಳ್ತಿತ್ತು, ಒಳ್ಳೇದಾಗ್ಲಿ ಅಂತ್ಲೇ ಹಾಕ್ಸಿದ್ರು. ನಾನು ಬ್ಯಾಡ ಅಂದಿದ್ದೆ. ಕಡರನಾಯಕನಹಳ್ಳಿ ಅಜ್ಜಿ ಕೈಗುಣ ಭಾಳ ಚಲೋ ಐತೆ ಅಂದ್ರು. ಆ ಅಜ್ಜಿ ಮಗ್ಳು ದಾವಣಗೆರೆ ಮಕ್ಕಳ ಆಸ್ಪತ್ರ್ಯಾಗ ಅದಾಳಂತ್ರಿ. ಏನಾರ ತಪ್ಪಿದ್ರೆ ಆ ಮಗ್ಳೇ ಬಿಡ್ಸತಿದ್ಲು ಅಂದ್ರು. ಅದ್ಕೇ ಹೂಂ ಅಂದೆ.”

ರೇವಕ್ಕ ಜೆರಾಕ್ಸ್ ತೆಗೆದುಕೊಂಡಳು. ಆ ಹುಡುಗಿ ಹೋದ ಮೇಲೆ ಕೂಸನ್ನು ನೋಡುತ್ತಿದ್ದ ಡಾಕ್ಟರ್ ಬಸವಕಿರಣ್ ಅವರಿಗೆ ಪ್ರಶ್ನೆ ಕಳಿಸಿದಳು: ಸುಟ್ಟ ಗಾಯ ಹೇಗಾಯಿತು, ಯಾರಿಂದ ಆಯಿತು, ಕೇಳಿ ದಾಖಲಿಸಿ. ಅವರು ಕೇಳಿದರು. ಅತ್ತೆ ಅಳುತ್ತ ಹೇಳಿದಳು. ಸಂಜೆ ಫೈಲು ವಾಪಸು ಬಂದಾಗ ಅದರಲ್ಲಿ ದುರುಗವ್ವನ ಹೆಸರಿತ್ತು. ಇವಳು ಸುಟ್ಟಿದ್ದಕ್ಕೆ ಇರುವ ಸರಿಯಾದ ಕೋಡು ಹಾಕಿ ಕಂಪ್ಯೂಟರ್ ಆರಿಸಿದಳು. ಡಾಕ್ಟರು ಮಕ್ಕಳ ರಕ್ಷಣೆಯ ಇಲಾಖೆಯವರಿಗೆ ತಿಳಿಸಲೇಬೇಕಿತ್ತು, ತಿಳಿಸಿದರು.

ಭಾನುವಾರ “ವಾಣಿ, ನೀನೂ ಬಾರೇ, ಒಬ್ಬಳಿಗೇ ಆಗಲ್ಲ” ಎಂದು ನನ್ನನ್ನೂ ತವರಿಗೆ ಕರೆದುಕೊಂಡು ಹೋದಳು. ದುರುಗವ್ವ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ನಮಗೆ ಮಜ್ಜಿಗೆ ಕೊಟ್ಟಳು, ಮಗಳು ಸೊರಗಿದ್ದಾಳೆಂದು ಅಳಿಯನಿಗೆ ಒಂದಿಷ್ಟು ಬೈದಳು. ರೇವಕ್ಕ ಲೋಟ ಕೆಳಗಿಟ್ಟು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ನಾಳೆ ಇಲಾಖೆಯವರು ಬರುತ್ತಾರೆ ಎಂದೂ, ನಿನ್ನ ಹೆಸರು ಬರುವಂತೆ ಮಾಡಿದವಳು ನಾನೇ ಎಂದೂ ಹೇಳಿದಳು.

ಮುದುಕಿ ಕೂಗಾಡುತ್ತಾಳೆ, ಶಾಪ ಹಾಕುತ್ತಾಳೆ ಎಂದು ನಾನು ಸೆರಗು ಬಿಗಿ ಮಾಡಿಕೊಂಡು ಕೂತಿದ್ದೆ. ಅವಳು ಕೇಳಿದ್ದು ಒಂದೇ ಮಾತು.

“ಕೂಸು ಹೆಂಗೈತೆ?”

“ಉಳೀತವ್ವ. ನಿನ್ನೆ ಹಾಲು ಕುಡೀತಂತೆ.”

ದುರುಗವ್ವ ಮೊರವನ್ನು ಬದಿಗೆ ಸರಿಸಿದಳು. “ನನ್ ತಾವ ಕಾಯಿ ತಗಂಡು ತಿರುಗಿ ಬರೋರು, ಅಜ್ಜಿ, ಕೂಸು ಆರಾಮಾತು ಅಂತ್ಲೇ ಬರ್ತಿದ್ರು. ಆರಾಮಿಲ್ದೋರು ಯಾರೂ ಬರ್ಲಿಲ್ಲ. ಹಿಂಗಾತದೆ ಅಂತ ನಂಗೆಂಗೆ ಗೊತ್ತಾಗ್ಬೇಕು?” ಆಮೇಲೆ ಏನೋ ಹೊಳೆದವಳಂತೆ ಮಗಳ ಕಡೆ ತಿರುಗಿದಳು. “ಇದು ಒಂದೇ ಕೂಸೇನು?”

“ಅಲ್ಲ.”

“ಮೊದ್ಲಿಂದ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕ ಹೇಳ್ಲಿಲ್ಲ? ನೀನು ಬ್ಯಾಡ ಅಂದಿದ್ರೆ ನಾನು ಮುಟ್ತಿದ್ನಾ? ದೊಡ್ಡಾಸ್ಪತ್ರ್ಯಾಗಿರಾಳು ನೀನು.”

ನನಗೆ ಎದ್ದು ಹೊರಗೆ ಹೋಗಿಬಿಡೋಣ ಅನ್ನಿಸಿತು. ರೇವಕ್ಕನ ಮೇಲೆ ಅಷ್ಟು ಸಿಟ್ಟು, ಅಷ್ಟೇ ಅಯ್ಯೋ ಪಾಪ.

“ಹೋಗ್ಲಿ. ಅವು ಯಾರ್ಯಾರ ಕೂಸು ಹೇಳು” ಅಂದಳು ದುರುಗವ್ವ. “ಬದುಕಿರಾವು ಎಲ್ಲದಾವು, ಹೋದವು ಯಾರ ಮನೇವು. ಒಂದೊಂದ್ ಮನೀಗೂ ಹೋಗಿ ಕಾಲಿಗೆ ಬಿದ್ದು ಬರ್ತೀನಿ.”

ಯಾವ ಕೂಸೆಂದು ಹೇಳಬೇಕು ರೇವಕ್ಕ? ಎಲ್ಲವೂ ಹೆಸರಿಡುವ ಮೊದಲೇ ಬಂದುಹೋದವು, ತಾಯಂದಿರ ಹೆಸರನ್ನು ಅವಳು ನೆನಪಿಟ್ಟುಕೊಂಡಿರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕೋಣವೆಂದರೆ ಆ ಒಂದು ಕೋಡಿನಡಿ, ಡಾಕ್ಟರು ಕಾರಣ ಬರೆಯದೆ ಬಿಟ್ಟ ಮಕ್ಕಳೆಲ್ಲ, ಜಾರಿ ಬಿದ್ದವರು, ನಾಯಿ ಪರಚಿದವರು, ಬಾವಿಕಟ್ಟೆಯಲ್ಲಿ ಕಾಲು ಮುರಿದುಕೊಂಡವರು ಎಲ್ಲರೂ ಬರುತ್ತಾರೆ. ಅವ್ವ ಸುಟ್ಟ ಮಕ್ಕಳನ್ನು ಅವರ ನಡುವೆ ಯಾರಿಗೂ ಸಿಗದಂತೆ ಮುಚ್ಚಿಟ್ಟವಳು ಅವಳೇ.

“ಹೇಳೇ” ಅಂದಳು ದುರುಗವ್ವ, ಚಪ್ಪಲಿ ಮೆಟ್ಟಿಕೊಳ್ಳುತ್ತ. “ಮೊದ್ಲು ಯಾರ ಮನೀಗೆ ಹೋಗ್ಲಿ?”