ಸುತ್ತಿಗೆ ಅಕ್ಕನ ನೂರ ಎಂಬತ್ತನಾಲ್ಕನೆಯ ಲಾರಿ

ಬೆಳಗಿನ ಆರು ಗಂಟೆ. ಗುಜರಿ ಅಂಗಳದಲ್ಲಿ ಸುತ್ತಿಗೆ ಅಕ್ಕ ಕಪ್ಪು ಕನ್ನಡಕ ಏರಿಸಿಕೊಂಡು ಗ್ಯಾಸ್ ಕಟರ್‌ನ ಪೈಪು ಎಳೆಯುತ್ತಿದ್ದಾರೆ. ಎದುರಿಗೆ ನಲವತ್ತೆಂಟು ವರ್ಷದ ಲಾರಿ, ತುಕ್ಕು ಹಿಡಿದು ಬಣ್ಣ ಯಾವುದೆಂದೇ ತಿಳಿಯುವುದಿಲ್ಲ. ಅದರ ಚಾಸಿಯ ಮೇಲೆ, ಅಂದರೆ ಇಡೀ ಗಾಡಿಯನ್ನು ಹೊತ್ತ ಉದ್ದನೆಯ ಕಬ್ಬಿಣದ ತೊಲೆಗಳ ಮೇಲೆ, ನಿನ್ನೆ ಬಳಪದಲ್ಲಿ ಬರೆದ ಕತ್ತರಿ ಗುರುತು. ಆ ಗುರುತು ಬಿತ್ತೆಂದರೆ ಲಾರಿಯ ಕಥೆ ಮುಗಿಯಿತು. "ಸ್ವಲ್ಪ ದೂರ ನಿಂತ್ಕೊಳ್ಳಿ, ಕಿಡಿ ಹಾರುತ್ತೆ. ಆಮೇಲೆ ಪೇಪರ್‌ನಲ್ಲಿ ನನ್ನ ಬಗ್ಗೆ ಬೇರೆ ಥರ ಬರೀತೀರ," ಎನ್ನುತ್ತಾರೆ.

ಐವತ್ತನಾಲ್ಕರ ಈ ಅಕ್ಕ ಹಳೆಯ ಲಾರಿ ಬಿಚ್ಚಿ ಬಿಡಿಭಾಗ ಮಾರುವವರು. ಇಪ್ಪತ್ತೆರಡು ವರ್ಷಗಳ ಹಿಂದೆ ಜಾಕ್ ಜಾರಿ ಅಕ್ಕನ ಯಜಮಾನರ ಬಲಗೈ ಜಜ್ಜಿಹೋದಾಗ ಸ್ಪ್ಯಾನರ್ ಇವರ ಕೈಗೆ ಬಂತು. "ಹೆಂಗಸು ಲಾರಿ ಬಿಚ್ತಾಳಂತೆ ಅಂತ ನೋಡೋಕೆ ಬರ್ತಿದ್ರು. ಬಂದೋರ ಕೈಗೆ ಜಾಕಿನ ಹಿಡಿ ಕೊಡ್ತಿದ್ದೆ. ಮಾರನೇ ದಿನ ಒಬ್ರೂ ಪತ್ತೆ ಇಲ್ಲ." ದಿನಕ್ಕೆ ಇನ್ನೂರು ಬೋಲ್ಟ್ ಸಡಿಲಿಸುತ್ತಾರೆ. ಇದುವರೆಗೆ ಬಿಚ್ಚಿದ್ದು ನೂರ ಎಂಬತ್ತಮೂರು ಲಾರಿ. ಮತ್ತೆ ರಸ್ತೆಗೆ ಇಳಿಸಿದ್ದು ಒಂದೂ ಇಲ್ಲ.

ಬಿಚ್ಚಬೇಕೋ ಉಳಿಸಬೇಕೋ ಎಂದು ಹೇಳಲು ಅವರಿಗೆ ಒಂದು ಪುಟ್ಟ ಸುತ್ತಿಗೆ ಸಾಕು. ಮೂರು ಬೆಳಗು, ರಸ್ತೆಯ ಗದ್ದಲ ಶುರುವಾಗುವ ಮುಂಚೆ, ಚಾಸಿಯನ್ನು ಗೇಣುಗೇಣಿಗೂ ತಟ್ಟಿ ಕಿವಿಗೊಡುತ್ತಾರೆ. ಠಣ್ ಎಂದರೆ ಜೀವ ಇದೆ. ದಬ್ ಎಂದರೆ ಒಳಗೆಲ್ಲ ತುಕ್ಕು ತಿಂದು ಮುಗಿಸಿದೆ. ಈ ಲಾರಿಯನ್ನು ಮೂವತ್ತು ವರ್ಷ ತಾವೇ ಓಡಿಸಿದ ವಯಸ್ಸಾದ ಡ್ರೈವರ್, "ಓಡಿಸೋ ಆಸೆ ಇನ್ನೂ ಇದೆ ತಂಗಿ. ಆದ್ರೆ ನೀನು ಹೇಳಿದ್ದೇ ಕೊನೆ," ಎಂದು ಬಿಟ್ಟುಹೋಗಿದ್ದರು. ಮೂರು ದಿನವೂ ದಬ್. ನಿನ್ನೆ ತೀರ್ಪು ಕೇಳಿ ಅವರು ಸ್ಟೀರಿಂಗನ್ನು ಒಮ್ಮೆ ಸವರಿ ಮನೆಗೆ ಹೋದರು. ಸಂಜೆಯೇ ಅದರ ಗೇರ್‌ಬಾಕ್ಸ್ ನೀರಿನ ಟ್ಯಾಂಕರ್ ಸೇರಿತು. ಗುಡ್ಡದ ಮೇಲಿನ ಮೂರು ಬೀದಿಗಳಿಗೆ ನೀರು ಹೊರುವ ಆ ಟ್ಯಾಂಕರ್ ಹನ್ನೆರಡು ದಿನದಿಂದ ಕೆಟ್ಟು ನಿಂತಿತ್ತು.

ಕಟರ್ ಹಚ್ಚುವ ಮುನ್ನ ಬೆಂಕಿ ತಾಗುವ ಜಾಗವನ್ನು ಕೆರೆಯುವುದು ರೂಢಿ. ಕೆರೆದರೆ, ಎಣ್ಣೆಮಣ್ಣಿನ ಕೆಳಗಿನಿಂದ ಬೂದು ಬಣ್ಣದ ಹೆಂಟೆಯೊಂದು ಕಳಚಿ ಕಾಲ ಬಳಿ ಬೀಳುತ್ತದೆ. ಅಕ್ಕ ಅದನ್ನೆತ್ತಿ ಉಗುರಿನಿಂದ ಗೀರುತ್ತಾರೆ. "ಅಯ್ಯೋ, ನನ್ನ ಬುದ್ಧಿಗಿಷ್ಟು. ಸಿಮೆಂಟು." ಲಾರಿ ವರ್ಷಗಟ್ಟಲೆ ಸಿಮೆಂಟ್ ಚೀಲ ಹೊತ್ತಿದೆ, ಸೋರಿದ ಪುಡಿ ಮಳೆನೀರು ಕುಡಿದು ತೊಲೆಯ ಒಳಮೈಗೆ ಗಟ್ಟಿಯಾಗಿ ಅಂಟಿದೆ. ಮೂರು ದಿನ ಅಕ್ಕ ಆಲಿಸಿದ್ದು ಸಿಮೆಂಟಿನ ಸದ್ದನ್ನು. "ಏನು ಹೊರ್ತಿತ್ತು ಅಂತ ಒಂದು ಮಾತು ಕೇಳಿದ್ರೆ ಮುಗೀತಿತ್ತು. ಕಿವಿ ಮೇಲೆ ಅಷ್ಟು ಜಂಬ ನನಗೆ."

ಯಜಮಾನರು ಎಡಗೈಯಲ್ಲಿ ಉಳಿ ಹಿಡಿಯುತ್ತಾರೆ, ಅಕ್ಕ ಬಡಿಯುತ್ತಾರೆ, ಹೀಗೆ ಇಬ್ಬರೂ ಎರಡು ಗಂಟೆ ಕೆತ್ತುತ್ತಾರೆ. ಆಮೇಲೆ ಸುತ್ತಿಗೆ. ಠಣ್. ಒಂದು ಗೇಣು ಆಚೆ, ಠಣ್. ಕೊನೆಯ ತುದಿಯವರೆಗೂ ಅದೇ. ಅಕ್ಕನ ಮುಖ ಊರಗಲವಾಗಿದೆ. ಖುಷಿಗೆ ನನಗೂ ಸುಮ್ಮನೆ ನಿಲ್ಲಲಾಗದೆ ಒಂದೆರಡು ಏಟು ತಟ್ಟಿ ನೋಡುತ್ತೇನೆ.

ಫೋನ್ ಮಾಡಿದ ಕಾಲು ಗಂಟೆಗೆ ಡ್ರೈವರ್ ಹಾಜರು. ಒಂದೊಂದು ಕಾಲಿಗೆ ಒಂದೊಂದು ಜೋಡಿಯ ಚಪ್ಪಲಿ.

"ಅಣ್ಣ, ನಿಮ್ಮ ಲಾರಿ ಗಟ್ಟಿಯಾಗಿದೆ. ತಪ್ಪು ನಂದು."

"ಅದು ಬಿಡು. ಗೇರ್‌ಬಾಕ್ಸ್?"

"ಕೊಟ್ಬಿಟ್ಟೆ."

ಆಗಲೇ ಹೊರಗೆ ಟ್ಯಾಂಕರ್ ಏರು ಹತ್ತುವ ಸದ್ದು ಕೇಳಿಸುತ್ತದೆ. ಡ್ರೈವರ್ ಕತ್ತು ತಿರುಗಿಸಿ ಆಲಿಸುತ್ತಾರೆ. "ಎರಡನೇ ಗೇರು. ನಮ್ಮದೇ," ಎಂದು ನಗುತ್ತಾರೆ. "ವಾಪಸ್ ಕೇಳಬೇಡ ತಂಗಿ. ಗುಡ್ಡದ ಮನೆಗಳಿಗೆ ನೀರು ಹೋಗ್ಲಿ."

ಅಕ್ಕ ಶೆಡ್ಡಿಗೆ ನುಗ್ಗುತ್ತಾರೆ. ಟ್ಯಾಂಕರಿನಿಂದ ಇಳಿಸಿದ ಕೆಟ್ಟ ಗೇರ್‌ಬಾಕ್ಸ್ ಮೂಲೆಯಲ್ಲಿದೆ. ಅದರೊಳಗೆ ಒಂದು ಚಕ್ರದ ಎರಡು ಹಲ್ಲು ಮುರಿದಿವೆ. ಬಿಚ್ಚಿದ ಲಾರಿಗಳ ಉಳಿದ ಭಾಗಗಳೆಲ್ಲ ನಂಬರಿನ ಚೀಟಿ ಕಟ್ಟಿಸಿಕೊಂಡು ಕಪಾಟಿನಲ್ಲಿ ಕೂತಿವೆ. ತೊಂಬತ್ತೊಂದನೇ ಲಾರಿಯ ಚೀಟಿ ಇರುವ, ಅದೇ ಅಳತೆಯ ಚಕ್ರವೊಂದು ಸಿಗುತ್ತದೆ. ಅಂಗಿಯ ತುದಿಯಲ್ಲಿ ಒರೆಸಿ ಡ್ರೈವರ್ ಕೈಗಿಡುತ್ತಾರೆ. "ಹತ್ತು ದಿನ ಕೊಡಿ ಅಣ್ಣ. ಟ್ಯಾಂಕರೂ ಓಡುತ್ತೆ, ನಿಮ್ಮದೂ ಓಡುತ್ತೆ."

ಬಳಪದ ಗುರುತನ್ನು ಡ್ರೈವರ್ ಅಂಗೈಯಿಂದಲೇ ಉಜ್ಜಿ ಅಳಿಸುತ್ತಾರೆ. ಮೊದಲ ಸವಾರಿ ನಿಮ್ಮದೇ ತಾನೆ ಎಂದು ಅಕ್ಕನನ್ನು ಕೇಳುತ್ತೇನೆ.

"ಅದು ಅಣ್ಣಂದು. ಇಪ್ಪತ್ತೆರಡು ವರ್ಷದಿಂದ ಒಳಗೆ ಬರೋ ಲಾರಿಗೇ ಗೇಟ್ ತೆಗ್ದಿದೀನಿ. ಹೊರಗೆ ಹೋಗೋ ಲಾರಿಗೆ ಒಂದ್ಸಲ ತೆಗೀಬೇಕು. ನನಗೆ ಅಷ್ಟು ಸಾಕು."