ತಿತಿಮತಿಯ ಕಂಪ್ಯೂಟರ್ ಮೇಡಂ

“ಮೇಡಂ, ಕಂಪ್ಯೂಟರಲ್ಲಿ ಸ್ವಲ್ಪ ನೋಡಿ ಹೇಳಿ, ಆನೆ ಈಗ ಎಲ್ಲುಂಟು?”

ಕೆಲಸಕ್ಕೆ ಸೇರಿದ ಮೊದಲ ದಿನ, ಎಸ್ಟೇಟ್ ಆಫೀಸಿನಲ್ಲಿ ಬ್ಯಾಗು ಕೆಳಗಿಡುವ ಮೊದಲೇ ನನಗೆ ಬಂದ ಪ್ರಶ್ನೆ ಇದು. ಕೇಳಿದವರು ಅಲ್ಲಿನ ರೈಟರ್ ಸೋಮಯ್ಯನವರು. ರೈಟರ್ ಅಂದಕೂಡಲೇ ಕಥೆ ಕಾದಂಬರಿ ಅಂದುಕೊಳ್ಳಬೇಡಿ; ತೋಟದ ಆಳುಗಳ ಹಾಜರಿ ಬರೆಯುವವರಿಗೆ ಕೊಡಗಿನಲ್ಲಿ ಹಾಗನ್ನುತ್ತಾರೆ. ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ನಾನು ಗದಗಿನ ಕಡೆಯವಳು. ನಮ್ಮಲ್ಲಿ ಕೆಲಸಕ್ಕೆ ತಡವಾದರೆ ಬಸ್ಸು ಬರಲಿಲ್ಲ ಅನ್ನುತ್ತೇವೆ. ಇಲ್ಲಿ ದಾರಿಯಲ್ಲಿ ಆನೆ ಇತ್ತು ಅನ್ನುತ್ತಾರೆ, ಅದನ್ನು ಯಾರೂ ನೆಪ ಅಂದುಕೊಳ್ಳುವುದಿಲ್ಲ. ಕೆಲವು ಆನೆಗಳ ಕೊರಳಿಗೆ ಪಟ್ಟಿ ಕಟ್ಟಿರುತ್ತಾರೆ, ಅವು ಎಲ್ಲಿವೆ ಎಂದು ಅರಣ್ಯದವರಿಗೆ ತಿಳಿಯುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಸೋಮಯ್ಯನವರು ತಮಾಷೆ ಮಾಡಿರಲಿಲ್ಲ.

ನನ್ನ ಗಂಡ ಅರಣ್ಯದವರ ಜೀಪು ಓಡಿಸುತ್ತಾರೆ. ಅವರಿಗೆ ಕೊಡಗಿನ ಈ ತಿತಿಮತಿಗೆ ವರ್ಗವಾದಾಗ ನಾನೂ ಗಂಟುಮೂಟೆ ಕಟ್ಟಿಕೊಂಡು ಬಂದೆ. ಕಣ್ಣು ಹಾಯುವಷ್ಟು ದೂರ ಹೊಲ ನೋಡಿ ಬೆಳೆದವಳಿಗೆ ಇಲ್ಲಿ ಮರಗಳ ಮಧ್ಯೆ ಉಸಿರು ಕಟ್ಟಿದಂತಾಗುತ್ತಿತ್ತು. ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು. ಅಂಗಡಿಗೆ ಹೋದರೆ ಮುಂದೆ ನಿಂತವರು ಕೊಡವ ಮಾತಾಡುತ್ತಾರೆ, ಹಿಂದೆ ನಿಂತವರು ಮಲಯಾಳ, ಅಂಗಡಿಯವನು ಫೋನಿನಲ್ಲಿ ತಮಿಳು ಮಾತಾಡುತ್ತಿರುತ್ತಾನೆ. ಎಲ್ಲರೂ ನನ್ನ ಕಡೆ ತಿರುಗಿದಾಗ ಮಾತ್ರ ಕನ್ನಡ. ನಾನು “ಏನ್ರೀ, ಜ್ವಾಳದ ಹಿಟ್ಟು ಐತೇನ್ರೀ?” ಅಂದರೆ ಎಲ್ಲ ಭಾಷೆಯವರೂ ಒಟ್ಟಿಗೆ ನಗುತ್ತಿದ್ದರು. ಹಿಟ್ಟು ಮಾತ್ರ ಇರುತ್ತಿರಲಿಲ್ಲ. ಜೋಳದ ರೊಟ್ಟಿಗಾಗಿ ನಾನು ಬಾಗಿಲು ಹಾಕಿಕೊಂಡು ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆ ದಿನಗಳಲ್ಲಿ ನನ್ನನ್ನು ಮಾತಾಡಿಸಿದವಳು ಜಾನಕಿ. ನಮ್ಮದೇ ಎಸ್ಟೇಟಿನಲ್ಲಿ ಕಾಫಿ ಕುಯ್ಯುವವಳು. ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಕೋಣೆಗಳಿಗೆ ಇಲ್ಲಿ ಲೈನ್ ಎನ್ನುತ್ತಾರೆ; ಆ ಸಾಲಿನ ಕೊನೆಯ ಕೋಣೆ ಅವಳದು. ಗಂಡ ತೀರಿಕೊಂಡಿದ್ದ. ಲಕ್ವ ಹೊಡೆದು ಮಲಗಿದ ಅತ್ತೆ, ಇಬ್ಬರು ಸಣ್ಣ ಮಕ್ಕಳು, ನಾದಿನಿ ಪಾರ್ವತಿ, ಎಲ್ಲರೂ ಅದೇ ಕೋಣೆಯಲ್ಲಿ. ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಡುವ ಕಡಂಬುಟ್ಟನ್ನು ನನಗೆ ಕಲಿಸಿದ್ದು ಅವಳೇ. ನನ್ನ ಮೊದಲ ಉಂಡೆಗಳನ್ನು ನೋಡಿ, “ಅಕ್ಕ, ಇದನ್ನ ಮಂಗನಿಗೆ ಹೊಡೀಲಿಕ್ಕೆ ಇಟ್ಕೊಳ್ಳುವ” ಅಂದಿದ್ದಳು. ಈ ಊರಿನಲ್ಲಿ ನಾನು ಮೊದಲು ಹೊಟ್ಟೆತುಂಬ ನಕ್ಕದ್ದು ಅವತ್ತು.

ಇನ್ನು ನನ್ನ ವಿದ್ಯೆಯ ವಿಷಯ. ಊರಿನಲ್ಲಿ ನಾನು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದವಳು. ಕಲಿತದ್ದು ಆರು ತಿಂಗಳ ಕೋರ್ಸು, ಅದರಲ್ಲೂ ಅರ್ಧ ದಿನ ಕರೆಂಟು ಇರುತ್ತಿರಲಿಲ್ಲ. ಇಲ್ಲಿ ಎಸ್ಟೇಟಿನ ಸಾಹುಕಾರರು ಎಲ್ಲರೆದುರು, “ಇವರು ಕಂಪ್ಯೂಟರ್ ಎಕ್ಸ್‌ಪರ್ಟ್” ಎಂದುಬಿಟ್ಟರು. ಅಷ್ಟೇ, ಅಲ್ಲಿಂದ ಪ್ಲಗ್ ಇರುವುದೆಲ್ಲ ನನ್ನ ತಲೆಗೆ ಬಂತು. ಮಿಕ್ಸಿ ತಂದರು, ಟೀವಿ ರಿಮೋಟ್ ತಂದರು, ಒಬ್ಬ ಅಜ್ಜ ಕಿವಿಯ ಮಷಿನನ್ನೇ ಕಳಚಿ ಮೇಜಿನ ಮೇಲಿಟ್ಟರು. ಆರಿಸಿ ಮತ್ತೆ ಹಾಕುವುದೇ ನನ್ನ ಚಿಕಿತ್ಸೆ. ಹತ್ತರಲ್ಲಿ ಏಳು ಸಲ ಅದು ಫಲಿಸಿತು. ಅವ್ವನಿಗೆ ಫೋನಿನಲ್ಲಿ ಹೇಳಿದರೆ ಅವಳು ಇಡೀ ಓಣಿಗೆ ಸಾರಿದಳು. ನನಗೂ ಒಳಗೊಳಗೇ ಕೊಂಬು ಮೂಡಿತ್ತು.

ಎರಡನೇ ವರ್ಷ ಕುಯ್ಲಿನ ಹೊತ್ತಿಗೆ ಸಾಹುಕಾರರು ಮುಖ ನೋಡಿ ಹಾಜರಿ ಹಾಕುವ ಮಷಿನ್ ತರಿಸಿದರು. ಎಲ್ಲರ ಮುಖವನ್ನೂ ಹೆಸರಿಗೆ ಜೋಡಿಸುವ ಕೆಲಸ ನನ್ನದು. ಜಾನಕಿ ಬಂದಳು, ನಿಂತಳು, ಹಸಿರು ದೀಪ ಹತ್ತಿತು. ಮರುದಿನ ಅದೇ ಬುಟ್ಟಿ ಹಿಡಿದು ಪಾರ್ವತಿ ಬಂದಳು. ಹೆಸರು ಕೇಳಿದರೆ, “ಜಾನಕಿ ಅಂತ ಹಾಕಿ” ಅಂದಳು. ಕೆಂಪು ದೀಪ.

ಆಗ ತಿಳಿಯಿತು. ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಇಬ್ಬರಿಗೂ ಸೇರಿ ಒಂದೇ ಹೆಸರು. ಮಲಗಿದ ಮುದುಕಿಯನ್ನೂ ಮಕ್ಕಳನ್ನೂ ನೋಡಿಕೊಳ್ಳಲು ಒಬ್ಬರು ಮನೆಯಲ್ಲಿರಬೇಕು. ಹಾಗಾಗಿ ಒಂದು ದಿನ ಅತ್ತಿಗೆ, ಒಂದು ದಿನ ನಾದಿನಿ. ದಿನಕ್ಕೆ ಒಬ್ಬಳ ಕೆಲಸ, ಒಬ್ಬಳದೇ ಹಾಜರಿ. ಅದರಲ್ಲಿ ಕಳ್ಳತನವೇನಿರಲಿಲ್ಲ, ಎಷ್ಟೋ ವರ್ಷದಿಂದ ಹೀಗೇ ನಡೆದಿತ್ತು.

ಸೋಮಯ್ಯನವರು ಸಂಪಾಜೆ ಕಡೆಯವರು, ಮೆಲ್ಲಗಿನ ಮಾತು. ನನ್ನನ್ನು ಪಕ್ಕಕ್ಕೆ ಕರೆದು, “ಇವರದ್ದು ಹೀಗೇ ಮೇಡಂ. ನೀವು ಮಷಿನಿಗೆ ಎಂಥದಾದ್ರೂ ಹೇಳಿ ಒಪ್ಪಿಸಿ” ಅಂದರು, ಮುನಿಸಿಕೊಂಡ ಬೀಗರ ವಿಷಯ ಹೇಳಿದಂತೆ. ಒಪ್ಪಿಸಬಹುದಿತ್ತು. ಕೈಯಿಂದಲೇ ಹಾಜರಿ ಹಾಕಲು ಅದರಲ್ಲೊಂದು ದಾರಿ ಇತ್ತು, ಅದು ನನಗೆ ಗೊತ್ತಿತ್ತು. ಆದರೆ ನಾನು ಎಕ್ಸ್‌ಪರ್ಟ್ ಅಲ್ಲವೇ? ಅಡ್ಡದಾರಿ ಯಾಕೆ, ಎಲ್ಲವನ್ನೂ ಸರಿಯಾಗಿಯೇ ಮಾಡೋಣ ಎಂದು ನೇರವಾಗಿ ಸಾಹುಕಾರರ ಹತ್ತಿರ ಹೋದೆ.

ಅವರು ತಾಳ್ಮೆಯಿಂದ ಕೇಳಿದರು. “ಪಾಪ, ಇಬ್ಬರನ್ನೂ ಬೇರೆ ಬೇರೆ ಹೆಸರಲ್ಲಿ ಸೇರಿಸೋಣ ಮೇಡಂ. ರಜೆ, ಪಿ.ಎಫ್. ಎಲ್ಲ ಇಬ್ಬರಿಗೂ ಸಿಗ್ಲಿ. ನೀವು ನೋಡಿದ್ದನ್ನ ಒಂದು ರಿಪೋರ್ಟ್ ಮಾಡಿ, ಸೈನ್ ಹಾಕಿ ಕೊಡಿ. ಯಾರಿಗೂ ತೊಂದರೆ ಆಗಲ್ಲ, ನಾನಿದ್ದೀನಿ.”

ನನಗೆ ಕುಣಿಯುವಷ್ಟು ಖುಷಿಯಾಯಿತು. ಲೈನಿಗೆ ಓಡಿಹೋಗಿ ಹೇಳಿದೆ. ಜಾನಕಿ, “ನೀವು ಹೇಳಿದ್ರೆ ಆಯ್ತು ಅಕ್ಕ” ಅಂದಳು. ಪಾರ್ವತಿ ಮಾತ್ರ ಒಳಗೆ ಹೋಗಿ ತಲೆ ಬಾಚಿಕೊಂಡು ಬಂದು, “ಇನ್ನೊಂದು ಸಲ ಫೋಟೋ ತೆಗೀರಿ, ನನ್ನ ಹೆಸರಿಗೆ ಅಂತ ಇದೇ ಮೊದಲು” ಅಂದಳು. ತೆಗೆದೆ. ರಿಪೋರ್ಟ್ ಅಂದವಾಗಿ ಮಾಡಿದೆ. ಎರಡು ಫೋಟೋ ಅಕ್ಕಪಕ್ಕ, ಕೆಳಗೆ ತಾರೀಖುಗಳು, ಅದರ ಕೆಳಗೆ ನನ್ನ ಸಹಿ. ನನ್ನ ಜನ್ಮದಲ್ಲಿ ಅಷ್ಟು ಚಂದದ ರಿಪೋರ್ಟ್ ಮಾಡಿರಲಿಲ್ಲ.

ಒಂದು ವಾರದ ನಂತರ, ಬೆಳಗಿನ ಹಾಜರಿಗೆ ಎಲ್ಲರೂ ಸೇರಿದ್ದಾಗ ಸಾಹುಕಾರರು ಆ ಕಾಗದ ಹಿಡಿದು ಬಂದರು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೆಲಸ ಮಾಡಿ ಎಸ್ಟೇಟಿಗೆ ಮೋಸ ಮಾಡಿದ್ದಾರೆ, ಇಬ್ಬರಿಗೂ ಕೆಲಸವಿಲ್ಲ, ಭಾನುವಾರದೊಳಗೆ ಲೈನ್ ಖಾಲಿ ಮಾಡಬೇಕು ಅಂದರು. ಜಾನಕಿ ಏನೋ ಹೇಳಲು ಬಾಯಿ ತೆರೆದಳು. “ನನ್ನ ಹತ್ರ ಎಂಥ ಕೇಳ್ತೀಯ? ಹಿಡಿದದ್ದು ಕಂಪ್ಯೂಟರ್ ಮೇಡಂ. ಅವರದ್ದೇ ಸೈನ್ ಇದೆ, ನೋಡು” ಎಂದು ಕಾಗದವನ್ನು ಅವಳ ಕಡೆ ತಿರುಗಿಸಿದರು. ಬುಟ್ಟಿ ಹಿಡಿದು ನಿಂತ ಅಷ್ಟೂ ಜನ ನನ್ನ ಕಡೆ ನೋಡಿದರು. ಅಲ್ಲೇ ಕೂಗಿ ಹೇಳಬೇಕಿತ್ತು, ಹೇಳಲಿಲ್ಲ.

ಆಮೇಲೆ ಆಫೀಸಿಗೆ ಹೋಗಿ ಜಗಳವಾಡಿದೆ. “ನೀವು ನನಗೆ ಹೇಳಿದ್ದೇ ಬೇರೆ ಸರ್.”

“ವಕೀಲರು ಒಪ್ಪಲಿಲ್ಲ ಮೇಡಂ. ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ? ನಿಮ್ಮ ಕೆಲಸ ಚೆನ್ನಾಗಿ ಮಾಡಿದ್ದೀರಿ.”

ಜಾನಕಿಯ ಮನೆಯವರು ಸೋಮವಾರದ ಹೊತ್ತಿಗೆ ಹೋಗಿಯಾಗಿತ್ತು. ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ಪಿಕಪ್ಪಿಗೆ ಹತ್ತಿಸಿದರಂತೆ. ನಾನು ಆ ಕಡೆ ಹೋಗಲು ಹೆದರಿ ಮನೆಯಲ್ಲೇ ಕೂತಿದ್ದೆ.

ತಿಂಗಳು ಕಳೆದ ಮೇಲೆ ಸಾಹುಕಾರರು ನನ್ನ ಮೇಜಿಗೆ ಬಂದು ಕೆಲವು ಫೋಟೋ ತೆಗೆದುಕೊಂಡು ಬರಲು ಹೇಳಿದರು. ಹೋಗಿ ನೋಡಿದರೆ ಅದೇ ಕೊನೆಯ ಕೋಣೆ. ಗೋಡೆಗೆ ಮಣ್ಣಿನ ಬಣ್ಣ, ಬಾಗಿಲಲ್ಲಿ ಬಿದಿರಿನ ಕುರ್ಚಿ, ಒಲೆ ಇದ್ದ ಜಾಗದಲ್ಲಿ ಕನ್ನಡಿ. ಹೋಂಸ್ಟೇ ಮಾಡುತ್ತಾರಂತೆ. ಆ ಕೋಣೆಯ ಎದುರಿಗೆ ಕೆರೆ ಕಾಣುತ್ತದೆ, ಪೇಟೆಯಿಂದ ಬರುವವರಿಗೆ ಅದು ಬೇಕು.

ವಾಪಸು ಬಂದು ಸೋಮಯ್ಯನವರನ್ನು ಕೇಳಿದೆ: ಇಬ್ಬರಿಗೂ ಒಂದೇ ಹೆಸರು ಅಂತ ಸಾಹುಕಾರರಿಗೆ ಮೊದಲೇ ಗೊತ್ತಿತ್ತಾ? ಅವರು ಪುಸ್ತಕದಿಂದ ತಲೆ ಎತ್ತಲಿಲ್ಲ. “ಒಂದೇ ಹೆಸರಲ್ಲಿ ಇಬ್ಬರೂ ಬನ್ನಿ ಅಂತ ಹೇಳಿದ್ದು ಇವರ ಅಪ್ಪ, ದೊಡ್ಡ ಸಾಹುಕಾರರು. ಇವರಿಗೂ ಗೊತ್ತುಂಟು, ತೋಟಕ್ಕೆಲ್ಲ ಗೊತ್ತುಂಟು. ಗೊತ್ತಿಲ್ಲದ್ದು ನಿಮಗೊಬ್ಬರಿಗೇ.” ಹಾಳೆ ತಿರುವಿ ಅಂದರು: “ಮೂವತ್ತು ವರ್ಷ ಹಾಜರಿ ಬರೆದೆ ಮೇಡಂ. ಯಾವುದನ್ನ ಬರೀಬಾರದು ಅಂತ ಕಲೀಲಿಕ್ಕೇ ಹತ್ತು ವರ್ಷ ಬೇಕಾಯ್ತು.”

ಎಕ್ಸ್‌ಪರ್ಟ್ ಅಂದರೆ ಏನು ಎಂದು ನನಗೆ ಆಗ ಅರ್ಥವಾಯಿತು. ಸಾಹುಕಾರರಿಗೆ ಕಂಪ್ಯೂಟರ್ ಬಲ್ಲವರು ಬೇಕಿರಲಿಲ್ಲ. ತಾವು ಮಾಡಬೇಕೆಂದಿದ್ದ ಕೆಲಸವನ್ನು ಕಂಪ್ಯೂಟರ್ ಮಾಡಿತು ಎಂದು ಸಹಿ ಹಾಕಿ ಕೊಡುವವರು ಬೇಕಿತ್ತು. ಊರು ಗೊತ್ತಿಲ್ಲದವಳು, ಹೊಗಳಿದರೆ ಉಬ್ಬುವವಳು, ನಾನು ಸರಿಯಾಗಿ ಸಿಕ್ಕಿದೆ. ನನ್ನ ಕೈಯಿಂದಲೇ ನನ್ನ ಗೆಳತಿಯ ಕತ್ತು ಕೊಯ್ಯಿಸಿದರು. ಸಿಟ್ಟಿನಿಂದ ಎರಡು ದಿನ ಊಟ ಸೇರಲಿಲ್ಲ.

ಆದರೂ ಆ ಕೋಣೆಯ ಫೋಟೋಗಳನ್ನು ಬುಕಿಂಗ್ ಸೈಟಿಗೆ ಹಾಕಿದವಳು ನಾನೇ. ಇದನ್ನು ಬರೆಯುವುದು ಬೇಡ ಅಂದುಕೊಂಡಿದ್ದೆ. ಹಾಕಿದೆ, ಮರುದಿನ ಕೆಲಸ ಬಿಟ್ಟೆ. ಹಾಕುವ ಮೊದಲೇ ಬಿಡಬಹುದಿತ್ತು. ಧೈರ್ಯ ನನಗೆ ಯಾವಾಗಲೂ ಒಂದು ದಿನ ತಡವಾಗಿಯೇ ಬರುತ್ತದೆ.

ಜಾನಕಿ ಬಾಳೆಲೆ ಎಂಬ ಊರಿನ ಕಡೆ ಒಂದು ತೋಟದಲ್ಲಿದ್ದಾಳೆ ಎಂದು ತಿಳಿದು ಕಳೆದ ವಾರ ಹೋಗಿದ್ದೆ. ಒಬ್ಬಳೇ ಇದ್ದಳು. ಅಲ್ಲಿ ಒಬ್ಬರಿಗೆ ಮಾತ್ರ ಜಾಗ ಕೊಟ್ಟಿದ್ದಾರೆ. ಮುದುಕಿಯನ್ನೂ ಮಕ್ಕಳನ್ನೂ ಕರೆದುಕೊಂಡು ಪಾರ್ವತಿ ದೂರದ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ. ಜಾನಕಿ ಬೆಲ್ಲದ ಕಪ್ಪು ಕಾಫಿ ಮಾಡಿ ಕೊಟ್ಟಳು. ಕೂರಲು ತನ್ನ ಚಾಪೆ ಹಾಸಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಹೇಳಿದೆ. “ಅವರ ಮಾತು ನಂಬಿದೆ ಜಾನಕಿ. ನನಗೂ ಮೋಸ ಆಯ್ತು.”

ಅವಳು ಲೋಟ ತೊಳೆಯುತ್ತಿದ್ದಳು. “ಹೌದು ಅಕ್ಕ, ನಿಮಗೆ ಅವರು ಮೋಸ ಮಾಡಿದ್ರು” ಅಂದಳು. “ಆದ್ರೆ ನಾವು ನಂಬಿದ್ದು ಅವರನ್ನಲ್ಲ, ನಿಮ್ಮನ್ನ.”

ಬಸ್ಸಿನಲ್ಲಿ ಬರುವಾಗ ಅವ್ವನ ಫೋನು. “ನಮ್ಮ ಓಣ್ಯಾಗ ಕಂಪ್ಯೂಟರ್ ಸೆಂಟರ್ ತೆಗಿಯಾಕತ್ತಾರ. ನಿನ್ನ ಹೆಸರು ಹೇಳೀನಿ. ಆ ಕಾಡಾಗ ಏನೈತಿ, ಬಂದ್ಬಿಡವಾ.” ನೋಡ್ತೀನಿ ಅಂದೆ. ಗಂಡನೂ ಆ ಕಡೆಗೆ ವರ್ಗ ಕೇಳಬಹುದು, ಕೆಲಸ ಸಿಗುತ್ತದೆ, ರೊಟ್ಟಿ ಸಿಗುತ್ತದೆ, ನನ್ನ ಮಾತಿಗೆ ಯಾರೂ ನಗುವುದಿಲ್ಲ. ಇಲ್ಲಿ ಸಂತೆಗೆ ಹೋದರೆ ಲೈನಿನ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಾರೆ. ಊರಿಗೆ ಹೋದರೆ ಜಾನಕಿಯ ವಿಷಯ ನನ್ನನ್ನು ಯಾರೂ ಕೇಳುವುದಿಲ್ಲ, ಒಂದು ದಿನ ನಾನೂ ಮರೆತುಬಿಡುತ್ತೇನೆ. ಹೋಗಲು ಕಾಲು ಬರದಿರುವುದು ಅದಕ್ಕೇ.