ರಿಪೇರಿಯಲ್ಲಿದ್ದ ಗಾಜಿನ ಪೆಟ್ಟಿಗೆ

ನಮ್ಮತ್ತೆಯ ಕೆಲಸ ಏನೆಂದು ಯಾರಾದರೂ ಕೇಳಿದರೆ "ಹಾಸಿಗೆ ಹುಡುಕೋದು" ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ ಬಿಡಿ! ಒಂದೇ ಆಡಳಿತದ ಕೆಳಗಿರುವ ಐದು ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವ ವಾರ್ಡಿನ ಯಾವ ಹಾಸಿಗೆ ಖಾಲಿ ಎಂಬುದು ಆಕೆಯ ನಾಲಿಗೆ ತುದಿಯಲ್ಲಿದೆ. ಇಪ್ಪತ್ತೆರಡು ವರ್ಷ ನರ್ಸಾಗಿದ್ದು, ಮಂಡಿ ಸವೆದ ಮೇಲೆ ಈ ಫೋನಿನ ಕೋಣೆಗೆ ಬಂದವರು. ಪಕ್ಕದ ಕುರ್ಚಿಯಲ್ಲಿ ನಾನು. ಮನೆಯಲ್ಲೂ ಅತ್ತೆ, ಆಫೀಸಿನಲ್ಲೂ ಅತ್ತೆ, ನನ್ನ ಹಣೆಬರಹ.

ಮೊನ್ನೆ ಮಧ್ಯಾಹ್ನ ಮೂರಕ್ಕೆ ಊರಾಚೆಯ ಸಣ್ಣ ಆಸ್ಪತ್ರೆಯಿಂದ ಫೋನು. ಏಳನೇ ತಿಂಗಳಿಗೇ ಹುಟ್ಟಿದ ಹೆಣ್ಣು ಮಗು, ತೂಕ ಒಂದು ಕಿಲೋ ಚಿಲ್ಲರೆ, ಉಸಿರಿಗೆ ಒದ್ದಾಡುತ್ತಿದೆ. ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ತಕ್ಷಣ ಬೇಕು. ಕಂಪ್ಯೂಟರಿನಲ್ಲಿ ನೋಡಿದರೆ ಐದೂ ಕಡೆ ಭರ್ತಿ. ಅತ್ತೆ ಕನ್ನಡಕ ಏರಿಸಿ, "ದೊಡ್ಡಾಸ್ಪತ್ರೇಲಿ ಒಂದು ಪೆಟ್ಟಿಗೆ ರಿಪೇರಿ ಅಂತ ತೋರಿಸ್ತಿದೆ ನೋಡು" ಎಂದರು. ಕಣ್ಣು ಮಿಂಚುತ್ತಿತ್ತು.

ನರ್ಸುಗಳ ಒಂದು ಗುಟ್ಟಿದೆ. ತಮ್ಮ ಕಣ್ಣೆದುರಿನ ರೋಗಿಗೆ ತುರ್ತು ಬಂದರೆ ಇರಲೆಂದು, ಪ್ರತಿ ವಾರ್ಡಿನಲ್ಲೂ ಒಂದು ಹಾಸಿಗೆಯನ್ನೋ ಪೆಟ್ಟಿಗೆಯನ್ನೋ ಕೆಟ್ಟಿದೆ ಎಂದು ಬರೆದು ಬಚ್ಚಿಡುತ್ತಾರೆ. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನ ಹಿರಿಯ ನರ್ಸು ಅತ್ತೆಯ ಸ್ವಂತ ತಂಗಿ. ಅತ್ತೆ ಸ್ಪೀಕರ್ ಹಾಕಿ ತಂಗಿಗೇ ಫೋನು ಮಾಡಿದರು.

"ಏನಾಗಿದ್ಯೇ ನಿನ್ನ ಪೆಟ್ಟಿಗೆಗೆ?"

"ಬಿಸಿ ನಿಲ್ತಿಲ್ಲ ಅಕ್ಕಾ."

"ನನ್ನ ಕಿವಿಗೇ ಹೂವಿಡ್ತೀಯಾ? ಆ ಸುಳ್ಳು ಬರೆಯೋದನ್ನ ನಿನಗೆ ಕಲಿಸಿದ್ದೇ ನಾನು!"

ತಂಗಿ ನಿಜ ಬಾಯಿಬಿಟ್ಟರು. "ಮೇಲಿನ ಮಹಡೀಲಿ ಒಬ್ಬಳಿಗೆ ನೋವು ಶುರುವಾಗಿದೆ. ಅವಳಿಗೂ ಏಳೇ ತಿಂಗಳು. ಜಾಗ ಇಟ್ಟಿರ್ತೀನಿ ಅಂತ ಮಾತು ಕೊಟ್ಟಿದೀನಿ ಅಕ್ಕಾ."

ಅತ್ತೆ ಮಂಡಿ ಮರೆತು ಎದ್ದು ನಿಂತರು. "ಹುಟ್ಟಿರೋ ಮಗು ಮೊದಲು. ಅವಳ ಮಗೂಗೆ ಹುಡುಕೋದು ನನ್ನ ತಲೆನೋವು. ಆಂಬುಲೆನ್ಸ್ ಹೊರಡಿಸ್ಲಾ?"

"ಹೊರಡಿಸು."

ಅಲ್ಲಿಂದ ನಲವತ್ತು ನಿಮಿಷ ನಾವಿಬ್ಬರೂ ಕೂತಿಲ್ಲ. ಉಳಿದ ಆಸ್ಪತ್ರೆಗಳಿಗೆ ಒಂದಾದ ಮೇಲೊಂದು ಫೋನು. ಎರಡು ಕಡೆ ನಿಜಕ್ಕೂ ಇರಲಿಲ್ಲ. ಕೊನೆಗೆ, ದೊಡ್ಡಾಸ್ಪತ್ರೆಯಿಂದ ಎರಡೇ ಬೀದಿ ಆಚೆಯ ಆಸ್ಪತ್ರೆಯವರು ಪೆಟ್ಟಿಗೆಯ ಚಕ್ರ ಮುರಿದಿದೆ ಎಂದು ರಾಗ ಎಳೆದರು.

"ಚಕ್ರ ಯಾಕಪ್ಪಾ? ಮಗು ಏನು ಅದನ್ನ ಓಡಿಸುತ್ತಾ?" ಎಂದರು ಅತ್ತೆ. ಆ ಕಡೆಯವರು ನಕ್ಕುಬಿಟ್ಟರು. ನಕ್ಕಮೇಲೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಫೋನು ಮತ್ತೆ ಬಡಿದುಕೊಂಡಿತು. ತಂಗಿ! "ಮಗು ಬಂತು ಅಕ್ಕಾ! ನೀಲಿಗಟ್ಟಿತ್ತು, ಈಗ ಕೆಂಪಗೆ ಆಗ್ತಿದೆ!" ನಾನು ಕುಣಿದುಬಿಟ್ಟೆ. ಹೇಳಲು ನಾಚಿಕೆಯೇನಿಲ್ಲ, ಅತ್ತೆಯನ್ನು ಅಪ್ಪಿಕೊಂಡೂಬಿಟ್ಟೆ. ಅಷ್ಟರಲ್ಲಿ ತಂಗಿಯ ದನಿ ಇಳಿಯಿತು. "ಮೇಲಿನವಳಿಗೆ ಇನ್ನೇನು ಹೆರಿಗೆ ಆಗುತ್ತೆ. ಎಲ್ಲಿಗೆ ಕಳಿಸ್ಲಿ ಮಗೂನ?"

"ಎಲ್ಲಿಗೂ ಕಳಿಸ್ಬೇಡ. ಎರಡು ಬೀದಿ ಆಚೆಯವರ ಪೆಟ್ಟಿಗೇನೇ ಅಲ್ಲಿಗೆ ಬಂದಿದೆ. ಹೊತ್ತು ತಂದವರು ಬಾಗಿಲಲ್ಲಿ ನಿಂತಿದಾರೆ, ಹೋಗಿ ಲಿಫ್ಟ್ ಹಿಡಿ!"